ಪಿಕಪ್ ಡೋರ್ ಜೋತು ಬಿದ್ದಿದ್ರೆ ಶಿವಮೊಗ್ಗ ಆಟೋ ಕಾಂಪ್ಲೆಕ್ಸ್‌ನ ಈ ಶೆಡ್ಡಿಗೆ ಹೋಗಿ

ನಮ್ಮ ಮನೇಲಿರೋದು 2008ರ ಪಿಕಪ್. ಅಡಿಕೆ ಮೂಟೆ, ಗೊಬ್ಬರ, ಹುಲ್ಲು, ಕೊಯ್ಲಿನ ಟೈಮಲ್ಲಿ ಆಳುಗಳು ಎಲ್ಲಾ ಅದರಲ್ಲೇ. ಎಂಜಿನ್ನು ಇವತ್ತಿಗೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗತ್ತೆ, ತೊಂದರೆ ಇದ್ದಿದ್ದು ಡ್ರೈವರ್ ಕಡೆ ಡೋರಿಂದು. ಎರಡು ವರ್ಷದಿಂದ ಹ್ಯಾಂಡಲ್ ಹಿಡ್ಕೊಂಡು ಮೇಲಕ್ಕೆ ಎತ್ತಿ ಬಡಿದ್ರೆ ಮಾತ್ರ ಲಾಕ್ ಬೀಳ್ತಿತ್ತು. ಅಪ್ಪಯ್ಯಂಗೆ ಭುಜ ನೋವು, ಅವರಿಗೆ ಹಾಗೆ ಎತ್ತಕ್ಕಾಗ್ತಿರ್ಲಿಲ್ಲ, ಕೊನೆಗೆ ಗಾಡಿ ಓಡಿಸೋದನ್ನೇ ಬಿಟ್ಟುಬಿಟ್ರು. ನಂಗೆ ಬೇಜಾರಾಗಿದ್ದು ಅದಕ್ಕೇ.

ತೀರ್ಥಹಳ್ಳಿ ಕಡೆ ಮನೆಗಳು ಗೊತ್ತಲ್ಲ, ಟಾರ್ ರೋಡಿಗೆ ಬರೋಷ್ಟರಲ್ಲಿ ನಮಗೆ 3 ದಣಪೆ, ಅಂದ್ರೆ ಅಡ್ಡ ಗಳ ಹಾಕೋ ಬೇಲಿ ಗೇಟು. ಒಂದೊಂದಕ್ಕೂ ಇಳಿದು ತೆಗೀಬೇಕು, ಗಾಡಿ ದಾಟಿಸಬೇಕು, ಮತ್ತೆ ಇಳಿದು ಹಾಕಬೇಕು. ಒಬ್ಬರೇ ಇದ್ರೆ ಹೋಗಿ ಬರೋಷ್ಟರಲ್ಲಿ ಡೋರ್ 12 ಸಲ ತೆಗೆದು ಹಾಕಿದಂಗಾಯ್ತು, ಅದೂ ಹತ್ತುವಾಗ ಪ್ರತಿ ಸಲ ಡೋರ್ ಮೇಲೇ ಕೈ ಕೊಟ್ಟು ಮೈ ಭಾರ ಹಾಕಿ. ಡೋರ್ ತಿರುಗೋ ಹಿಂಜ್ ಎಷ್ಟು ವರ್ಷ ತಡಕೊಳ್ಳತ್ತೆ ಹೇಳಿ.

ಮೊದಲು ಬೇರೆ ಒಂದು ಕಡೆ ತೋರಿಸಿದ್ದೆ, ಹೆಸರು ಬೇಡ. ಅವರು ಹಿಂಜ್ ಕಡೆ ತಿರುಗಿಯೂ ನೋಡ್ಲಿಲ್ಲ, ಲಾಕ್ ಹೋಗಿ ಕಚ್ಕೊಳ್ಳೋ ಕೊಂಡಿ ಅಂದ್ರೆ ಸ್ಟ್ರೈಕರ್ ಇರತ್ತಲ್ಲ, ಅದನ್ನ ಲೂಸ್ ಮಾಡಿ ಕೆಳಗೆ ಇಳಿಸಿ ಟೈಟ್ ಮಾಡಿ ಕೊಟ್ರು, 300 ರೂಪಾಯಿ. ಎರಡು ತಿಂಗಳು ಚೆನ್ನಾಗಿ ಬಿತ್ತು. ಆಮೇಲೆ ಡೋರ್ ಇನ್ನೂ ಜೋತು ಬಿತ್ತು, ಲಾಕ್ ಅರ್ಧಕ್ಕೆ ಕಚ್ಚೋಕೆ ಶುರುವಾಯ್ತು, ಮಂಡಗದ್ದೆ ಹತ್ರ ತಿರುವಲ್ಲಿ ಒಂದಿನ ತಾನಾಗೇ ತೆರ್ಕೊಂತು. ಪಕ್ಕದಲ್ಲೇ ಹೊಳೆ. ಅವತ್ತು ನಿಜವಾಗ್ಲೂ ಹೆದರಿಕೆ ಆಯ್ತು.

ಆಮೇಲೆ ಅಡಿಕೆ ಮಂಡಿಲಿ ಸಿಕ್ಕಿದ ಒಬ್ಬ ಡ್ರೈವರ್ ಈ ಶೆಡ್ ಹೇಳಿದ್ರು. ಶಿವಮೊಗ್ಗದಲ್ಲಿ ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್, ಅದರ ಒಳಗಿನ ಸಾಲು, ಬೋರ್ಡ್ ಇಲ್ಲ, ಬಾಗಿಲ ಪಕ್ಕ ಹಳೇ ಜೀಪಿನ ಬಾಡಿ ನಿಲ್ಲಿಸಿದ್ದಾರೆ. ಟಿಂಕರಿಂಗ್ ಅಂದ್ರೆ ಗಾಡಿ ಬಾಡಿ ರಿಪೇರಿ ಮಾಡೋ ಅಣ್ಣ ಒಬ್ಬರು, ಜೊತೆಗೆ ಒಬ್ಬ ಹುಡುಗ, ಅಷ್ಟೇ.

ಆ ಅಣ್ಣ ಸ್ಪಾನರ್ ಮುಟ್ಟೋಕ್ಕಿಂತ ಮುಂಚೆ ಡೋರ್ ಅರ್ಧ ತೆಗೆದು ಹಿಂದಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ್ರು, ನಂಗೆ ಹಿಂಜ್ ಮೇಲೆ ಬೆರಳಿಡಿ ಅಂದ್ರು. "ನೋಡಿ ಸಾರ್, ಪ್ಲೇಟು ಅಲ್ಲಾಡ್ತಿಲ್ಲ, ಬೋಲ್ಟ್ ಟೈಟ್ ಇದೆ, ಪಿನ್ನೇ ಒಳಗೆ ಕುಣೀತಿದೆ." ಕೈಗೇ ಗೊತ್ತಾಯ್ತು. ಡೋರ್ ಭಾರಕ್ಕೆ ಮೇಲಿನ ಹಿಂಜ್ ಹೊರಗಡೆ ಎಳೀತಿರತ್ತೆ, ಕೆಳಗಿಂದು ಒಳಗಡೆ ಒತ್ತುತಿರತ್ತೆ, ಅದಕ್ಕೆ ಎರಡೂ ಎದುರುಬದುರು ದಿಕ್ಕಿಗೆ ಸವೆಯತ್ತೆ, ಎರಡು ಹಿಂಜ್ ನಡುವೆ ಇರೋ ಅಂತರಕ್ಕಿಂತ ಡೋರಿನ ಅಗಲ ಜಾಸ್ತಿ ಇರೋದ್ರಿಂದ ಒಂದೊಂದು ಹಿಂಜಲ್ಲಿ 1 ಮಿಲಿಮೀಟರ್ ಸವೆದ್ರೆ ಲಾಕ್ ಹತ್ರ 2ಕ್ಕಿಂತ ಹೆಚ್ಚು ಇಳಿಯತ್ತೆ. ಸ್ಟ್ರೈಕರ್ ಇಳಿಸಿ ಕೂತ್ರೆ ಏನು ಪ್ರಯೋಜನ.

ಗುಜರಿ ಡೋರ್ ಹಾಕ್ಸಬೋದಾ ಅಂತ ಕೇಳಿದೆ. ಬೇಡ ಅಂದ್ರು, ಅದರ ಹಿಂಜೂ ಇಷ್ಟೇ ಸವೆದಿರತ್ತೆ, ದುಡ್ಡು ದಂಡ. ಬೇಕಾದ್ರೆ ಮಾರಬೋದಿತ್ತು ಅವರು, ಮಾರ್ಲಿಲ್ಲ.

ಕೆಲಸ ಮಾಡಿದ ರೀತಿ ಹೇಳ್ಲೇಬೇಕು. ಡೋರ್ ಕೆಳಗೆ ಜ್ಯಾಕ್, ಅದರ ಮೇಲೆ ಮರದ ತುಂಡು, ಹಳೇ ಟ್ಯೂಬಿನ ರಬ್ಬರ್. ಬೋಲ್ಟ್ ಬಿಚ್ಚೋ ಮುಂಚೆ ಹಿಂಜ್ ಕೂತಿರೋ ಜಾಗದ ಸುತ್ತ ಗೀರು ಹಾಕಿಕೊಂಡ್ರು, ಆಮೇಲೆ ಒಂದು ಸಲಕ್ಕೆ ಒಂದೇ ಹಿಂಜ್ ಬಿಚ್ಚಿದ್ದು, ಎರಡೂ ಒಟ್ಟಿಗೆ ಬಿಚ್ಚಿದ್ರೆ ಡೋರನ್ನ ಮತ್ತೆ ಜಾಗಕ್ಕೆ ಕೂರಿಸೋದು ಕಷ್ಟ ಅಂತ. ಪಿನ್ ಹೊಡೆದು ತೆಗೆದಾಗ ತೂತು ಮೊಟ್ಟೆ ಥರ ಆಗಿತ್ತು, ಪಿನ್ನಿನ ನಡು ಸಣ್ಣಗಾಗಿತ್ತು. ಪಕ್ಕದಲ್ಲಿ ಕಬ್ಬಿಣ ಕಡೆಯೋ ಲೇತ್ ಅಂಗಡಿಗೆ ಕಳಿಸಿ ತೂತು ದುಂಡಗೆ ಮಾಡಿಸಿ ಗನ್‌ಮೆಟಲ್ ಬುಷ್ (ಪಿನ್ ಸುತ್ತ ಕೂರೋ ಸಣ್ಣ ಕೊಳವೆ) ಒತ್ತಿಸಿ ಹೊಸ ಪಿನ್ ಹಾಕಿಸಿದ್ರು. ಗನ್‌ಮೆಟಲ್ ಅಂದ್ರೆ ತಾಮ್ರ ತವರ ಸೇರಿದ ಲೋಹ, ಕಬ್ಬಿಣಕ್ಕಿಂತ ಮೆದು, ಮುಂದೆ ಸವೆದ್ರೂ ಬುಷ್ ಸವೆಯತ್ತೆ ಹಿಂಜ್ ಉಳಿಯತ್ತೆ, ಆಗ ಬುಷ್ ಮಾತ್ರ ಬದಲಾಯಿಸಿದ್ರೆ ಸಾಕು.

ಕೊನೆಗೆ ಸ್ಟ್ರೈಕರ್ ವಾಪಸ್ ಹಳೇ ಜಾಗಕ್ಕೆ ಏರಿಸಿದ್ರು. ಲಾಕ್ ಒಳಗೆ ಮಣ್ಣು ಗ್ರೀಸು ಸೇರಿ ಗಟ್ಟಿಯಾಗಿತ್ತು, ಡೀಸೆಲಲ್ಲಿ ತೊಳೆದು ಒರೆಸಿ ಹೊಸ ಗ್ರೀಸ್ ಹಚ್ಚಿದ್ರು. ಡೋರ್ ಜಾಸ್ತಿ ತೆರ್ಕೊಳ್ಳದಂಗೆ ತಡೆಯೋ ಪಟ್ಟಿಯೂ ಕಿತ್ತು ಹೋಗಿತ್ತು, ಅದು ಹೋದ್ರೆ ಗಾಳಿಗೆ ಡೋರ್ ಪೂರ್ತಿ ಹಿಂದಕ್ಕೆ ಹೋಗಿ ಹಿಂಜ್ ಮೇಲೇ ಹೊಡೆತ, ಅದನ್ನೂ ಹೊಸದು ಹಾಕಿದ್ರು.

ಆಮೇಲೆ ಡೋರಿನ ಕೆಳಗಿನ ಅಂಚು ತೋರಿಸಿದ್ರು, ನೀರು ಇಳಿಯೋ ಸಣ್ಣ ತೂತುಗಳು ಕೆಸರು ಕಟ್ಟಿ ಮುಚ್ಚಿಹೋಗಿದ್ವು, ಒಳಗಿಂದ ತುಕ್ಕು. ಬರೀ ಮಳೆಯಿಂದಾನಾ ಅಂದ್ರೆ, "ನೀವು ಬೋರ್ಡೋ ಡ್ರಮ್ಮು ಮೈಲುತುತ್ತ ಎಲ್ಲಾ ಇದರಲ್ಲೇ ಒಯ್ತೀರಲ್ವಾ?" ಅಂತ ಕೇಳಿದ್ರು. ಬೋರ್ಡೋ ಅಂದ್ರೆ ಮೈಲುತುತ್ತ ಸುಣ್ಣ ಕಲಸಿ ಅಡಿಕೆಗೆ ಹೊಡೆಯೋ ಔಷಧಿ. ಮೈಲುತುತ್ತ ಕಬ್ಬಿಣ ತಿನ್ನತ್ತೆ ಅಂತ ಕಬ್ಬಿಣದ ಪಾತ್ರೇಲಿ ಬೋರ್ಡೋ ಕಲಸಲ್ಲ ನಾವು, ಅದೇ ನೀರು ಡೋರಿಗೆ ಸಿಡಿದಿದ್ದು ತೊಳೀಬೇಕು ಅಂತ ಇಷ್ಟು ವರ್ಷ ನಮ್ಮನೇಲಿ ಯಾರಿಗೂ ಹೊಳೆದಿರಲಿಲ್ಲ. ಈಗ ಔಷಧಿ ಹೊಡೆದ ದಿನ ಸಂಜೆ ಡೋರ್ ತೊಳೆದೇ ನಿಲ್ಲಿಸ್ತೀವಿ, ಒಂದು ಕಡ್ಡಿ ಹಾಕಿ ಆ ತೂತೂ ಬಿಡಿಸ್ತೀವಿ.

2 ಪಿನ್, 4 ಬುಷ್, ಲೇತ್, ಪಟ್ಟಿ, ಕೂಲಿ ಎಲ್ಲಾ ಸೇರಿ 2,600 ರೂಪಾಯಿ. ಹಳೇ ಪಿನ್ನು ಪೇಪರಲ್ಲಿ ಸುತ್ತಿ ಕೈಗೆ ಕೊಟ್ರು.

ತಕರಾರು ಇಲ್ಲ ಅಂತಲ್ಲ. ಒಂದೇ ದಿನ ಅಂದಿದ್ರು, ಲೇತಲ್ಲಿ ತಡ ಆಗಿ ಎರಡು ದಿನ ಆಯ್ತು, ನಾನು ಬಸ್ಸಲ್ಲಿ ಊರಿಗೆ ಹೋಗಿ ಮತ್ತೆ ಬಂದೆ. ಫೋನ್ ಮಾಡಿ ತಿಳಿಸಬೋದಿತ್ತು. ಬಿಲ್ ಕೊಡಲ್ಲ. ಹಿಂಜ್ ಮೇಲೆ ಹೊಡೆದ ಪೇಂಟ್ ಗಾಡಿ ಬಣ್ಣಕ್ಕೆ ಹೊಂದಿಲ್ಲ, ಕಪ್ಪು ಪ್ರೈಮರ್ ಅಷ್ಟೇ. ನಂಗೆ ಅದು ಮುಖ್ಯ ಅಲ್ಲ, ಆದ್ರೆ ಗಾಡಿ ಮಾರೋ ಯೋಚನೆ ಇರೋರು ಮೊದಲೇ ಹೇಳಿ.

ಏಳು ತಿಂಗಳಾಯ್ತು, ಒಂದು ಮಳೆಗಾಲ ಪೂರ್ತಿ ಕಳೀತು. ಡೋರ್ ಈಗ್ಲೂ ಎತ್ತೋದೇ ಬೇಡ, ಸುಮ್ನೆ ತಳ್ಳಿದ್ರೆ ಟಕ್ ಅಂತ ಬೀಳತ್ತೆ. ಅಪ್ಪಯ್ಯ ಮೊನ್ನೆ 3 ದಣಪೆನೂ ಅವರೇ ತೆಗೆದು ಹಾಕಿ ಮಂಡಿಗೆ ಹೋಗಿ ಬಂದ್ರು. ಎಡಗಡೆ ಡೋರಲ್ಲೂ ಸ್ವಲ್ಪ ಸಡಿಲ ಆಗಿ ಅಲ್ಲಾಡೋಕೆ ಶುರುವಾಗಿದೆ, ಕೊಯ್ಲು ಮುಗಿದ ಕೂಡ್ಲೇ ಅದನ್ನೂ ಅಲ್ಲಿಗೇ ಒಯ್ಯೋದು. ಹೋಗೋರು ಬೆಳಗ್ಗೆ 10ರೊಳಗೆ ಹೋಗಿ, ಲೇತಿಗೆ ಅವತ್ತೇ ಕೆಲಸ ಕೊಡಬೋದು.