ಸೈಕಲ್ ಜೊತೆ ಮೂರು ರಾತ್ರಿ: ಪಣಜಿಯ ಮಿರಾಮಾರ್ ಬೀಚ್ ಹಿಂದಿನ ಗೆಸ್ಟ್‌ಹೌಸ್

ಐದಕ್ಕೆ ಮೂರೂವರೆ ಸ್ಟಾರ್. ಆ ಹುಡುಗ ಇರದಿದ್ದರೆ ಎರಡೂವರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಗೋವಾಕ್ಕೆ ಹೋಗಿದ್ದು ಮಜಾ ಮಾಡಲು ಅಲ್ಲ. ಈಜುಕೊಳ ಇದೆಯಾ, ಬಾಲ್ಕನಿಯಿಂದ ಸಮುದ್ರ ಕಾಣುತ್ತದಾ ಅಂತ ಕೇಳುವವರಿಗೆ ಈ ರಿವ್ಯೂ ಉಪಯೋಗವಿಲ್ಲ. (ಎರಡೂ ಇಲ್ಲ.) ನಾನು ಹೋಗಿದ್ದು ಐರನ್‌ಮ್ಯಾನ್ 70.3 ರೇಸ್‌ಗೆ, ಅಂದರೆ ಪೂರ್ತಿ ಐರನ್‌ಮ್ಯಾನ್‌ನ ಅರ್ಧ ದೂರದ್ದು. 2019ರಲ್ಲಿ ಶುರುವಾದ ರೇಸ್ ಇದು, ನಡುವೆ ಕೊರೊನಾದಿಂದ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ಸಮುದ್ರದಲ್ಲಿ 1.9 ಕಿ.ಮೀ. ಈಜು, ಎದ್ದು ಬಂದು 90 ಕಿ.ಮೀ. ಸೈಕಲ್, ಅದರ ಮೇಲೆ 21.1 ಕಿ.ಮೀ. ಓಟ. ಮೂರನ್ನೂ ಮೈಲಿಯಲ್ಲಿ ಕೂಡಿಸಿದರೆ 70.3, ಹೆಸರು ಬಂದದ್ದು ಹಾಗೆ. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. 2024ರಲ್ಲಿ ಸಂಸದ ತೇಜಸ್ವಿ ಸೂರ್ಯ ಮುಗಿಸಿದ್ದು ಇದೇ ರೇಸ್. ಆಮೇಲೆ ಮನೆಯವರಿಗೆಲ್ಲ ಇದೇನು ಅಂತ ಬಿಡಿಸಿ ಹೇಳುವ ಕೆಲಸ ನನಗೆ ತಪ್ಪಿತು.

ಹುಬ್ಬಳ್ಳಿಯವನಾದ ನನಗೆ ಪಣಜಿ ಪರಊರು ಅನ್ನಿಸುವುದೇ ಇಲ್ಲ. ಧಾರವಾಡ, ಅಳ್ನಾವರ, ಲೋಂಡಾ, ಅನಮೋಡ ಘಟ್ಟ ಇಳಿದು ಮೊಲೆಂ, ಪೋಂಡಾ, ಪಣಜಿ. ಬೆಂಗಳೂರಿನವರು ಸೈಕಲ್ ಬಿಚ್ಚಿ, ಪೆಟ್ಟಿಗೆಗೆ ತುಂಬಿ, ವಿಮಾನದವರಿಗೆ ಒಪ್ಪಿಸಿ, ಗೇರ್ ಹ್ಯಾಂಗರ್ ಬಗ್ಗಿತೋ ಏನೋ ಅಂತ ದಾರಿಯುದ್ದಕ್ಕೂ ಹೆದರಿಕೊಂಡು ಬರುತ್ತಾರೆ. ನಾನು ಮುಂದಿನ ಗಾಲಿ ತೆಗೆದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆ. ಅಷ್ಟರ ಮಟ್ಟಿಗೆ ಪುಣ್ಯವಂತ.

ಶುಕ್ರವಾರ ಮಧ್ಯಾಹ್ನ ಗೆಸ್ಟ್‌ಹೌಸ್ ಮುಟ್ಟಿದೆ. ಮಿರಾಮಾರ್ ಬೀಚಿನ ಹಿಂದೆ ಎರಡು ಗಲ್ಲಿ ಬಿಟ್ಟು, ತೆಂಗಿನ ಮರಗಳ ನಡುವೆ ಹಳೇ ಮನೆ. ಮಂಗಳೂರು ಹೆಂಚು, ಮುಂದೆ ಕೂರಲು ಕಟ್ಟೆ. ಕೆಳಗೆ ಎರಡು ಕೋಣೆ, ಮೇಲೆ ಮೂರು. ಯಜಮಾನತಿ ಆಂಟಿಗೆ ಎಪ್ಪತ್ತರ ಹತ್ತಿರ ವಯಸ್ಸು, ಕೊಂಕಣಿ ಮತ್ತು ಹಿಂದಿ. ಬುಕ್ ಮಾಡುವಾಗಲೇ ಸೈಕಲ್ ಕೋಣೆಯೊಳಗೆ ಇಡುತ್ತೇನೆ ಅಂತ ಬರೆದಿದ್ದೆ, ಅತ್ತ ಕಡೆಯಿಂದ ಓಕೆ ಅಂತಲೂ ಬಂದಿತ್ತು. ಬಂದು ನಿಂತರೆ ಆಂಟಿ ಮೆಟ್ಟಿಲ ಕೆಳಗೆ ಕೈ ತೋರಿಸಿದರು. ಅಲ್ಲಿ ಎರಡು ಗ್ಯಾಸ್ ಸಿಲಿಂಡರ್, ಒಂದು ಹಳೇ ಸ್ಕೂಟರ್, ಅದರ ಮೇಲೆ ಮಲಗಿದ ಬೆಕ್ಕು.

ಅವರ ಮನೆಯಲ್ಲಿ ಕೆಲಸಕ್ಕಿರುವ ಹುಡುಗ ನನ್ನ ಮುಖ ನೋಡಿದ, ಕಾರಿನ ನಂಬರ್ ಪ್ಲೇಟ್ ನೋಡಿದ. ಕೆಎ 25. "ಅಣ್ಣಾರ, ಈಗ ಸುಮ್ನ ಹೂಂ ಅನ್ರಿ. ಅಕಿ ಮಲ್ಕೊಳ್ಳಾಕ ಹೋದಮ್ಯಾಲ ಒಳಗ ತಗೊಂಡ್ರಾತು" ಅಂದ. ಯಾವೂರು ಅಂದರೆ ರೋಣದ ಬಾಜು. ಗೋವಾದಲ್ಲಿ ಹೋಟೆಲ್, ಗಾರೆ ಕೆಲಸ, ಮೀನು ಮಾರ್ಕೆಟ್, ಎಲ್ಲಿ ಹೋದರೂ ನಮ್ಮ ಕಡೆಯವರು ಸಿಗುತ್ತಾರೆ. ಆದರೆ ಆ ಹೊತ್ತಿಗೆ ಅವನು ಸಿಕ್ಕಿದ್ದು ದೇವರು ಸಿಕ್ಕ ಹಾಗಾಯಿತು.

ಕದ್ದು ಒಯ್ಯುವ ಪ್ರಮೇಯ ಬರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ನನ್ನದೇ ಟವೆಲ್ ಒದ್ದೆ ಮಾಡಿ ಟಯರು, ರಿಮ್ಮು, ಪೆಡಲ್ಲು ಎಲ್ಲ ಒರೆಸಿದೆ. ಮನೆಯಿಂದ ತಂದ ಹಳೇ ಬೆಡ್‌ಶೀಟ್ ತೋರಿಸಿ, ಇದನ್ನು ಹಾಸಿ ಅದರ ಮೇಲೆ ನಿಲ್ಲಿಸುತ್ತೇನೆ ಅಂದೆ. ಆಂಟಿ ಬಾಗಿ ಟಯರ್ ಮೇಲೆ ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ನಿಮಿಷ ಯೋಚನೆ. ಆಮೇಲೆ "ಚೈನ್ ಗೋಡೆಗೆ ತಾಗಬಾರದು" ಅಂದು ಒಳಗೆ ಹೋದರು. ತಾಗಲಿಲ್ಲ ಆಂಟಿ, ದೇವರಾಣೆ. ಬಾಗಿಲ ಹತ್ತಿರದ ಕಪ್ಪು ಗೆರೆ ನಾನು ಬರುವ ಮೊದಲೇ ಇತ್ತು.

ರೇಸ್‌ಗೆ ಮೊದಲ ಸಲ ಹೋಗುವವರಿಗೆ ಒಂದು ಮಾತು. ಶನಿವಾರ ಸೈಕಲ್ಲನ್ನು ಟ್ರಾನ್ಸಿಷನ್ ಜಾಗದಲ್ಲಿ (ಈಜು ಮುಗಿಸಿ ಬಂದು ಸೈಕಲ್ ಹತ್ತುವ ಜಾಗ) ಒಪ್ಪಿಸಿಬಿಡಬೇಕು, ರಾತ್ರಿ ಅದು ಅಲ್ಲೇ. ಹಾಗಾಗಿ ಕೋಣೆಯ ಜಗಳವೆಲ್ಲ ಶುಕ್ರವಾರ ಒಂದು ರಾತ್ರಿಗೆ, ಮತ್ತೆ ರೇಸ್ ಮುಗಿದ ರಾತ್ರಿಗೆ. ಒಪ್ಪಿಸುವಾಗ ಟಯರಿನ ಗಾಳಿ ಸ್ವಲ್ಪ ಇಳಿಸಿಡಿ. ಬಿಸಿಲಿಗೆ ನಿಂತ ಸೈಕಲ್ಲಿನ ಟ್ಯೂಬು ತಾನಾಗಿಯೇ ಢಮ್ ಅನ್ನುತ್ತದೆ. ನಾನು ನಿಂತಿದ್ದಾಗಲೇ ಎರಡು ಒಡೆದವು, ಒಂದೊಂದಕ್ಕೂ ಅಲ್ಲಿದ್ದವರೆಲ್ಲ ತಂತಮ್ಮ ಸೈಕಲ್ ಕಡೆ ತಿರುಗಿ ನೋಡಿದರು.

ಈ ಗೆಸ್ಟ್‌ಹೌಸಿನ ದೊಡ್ಡ ಗುಣ ಅಂದರೆ ಜಾಗ. ಭಾನುವಾರ ಬೆಳಗಿನ ಜಾವಕ್ಕೇ ರೇಸಿನ ರಸ್ತೆಗಳನ್ನು ಮುಚ್ಚುತ್ತಾರೆ, ಆ ಹೊತ್ತಲ್ಲಿ ಟ್ಯಾಕ್ಸಿ ಹುಡುಕಿಕೊಂಡು ಅಲೆಯುವ ತಾಳ್ಮೆ ಯಾರಿಗಿರುತ್ತದೆ? ಇಲ್ಲಿಂದ ರೇಸ್ ಶುರುವಾಗುವ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ನಡೆದರೆ ಹತ್ತು ನಿಮಿಷ. ಕಲಂಗುಟ್, ಬಾಗಾ ಕಡೆ ಅಗ್ಗದ ಕೋಣೆ ಸಿಕ್ಕಿತು ಅಂತ ಹೋದ ನಮ್ಮ ಗುಂಪಿನ ಇಬ್ಬರು ರಾತ್ರಿ ಎರಡೂವರೆಗೇ ಎದ್ದು ಹೊರಟಿದ್ದರು.

ಎರಡನೇ ಗುಣ, ಹಿತ್ತಲಿನ ಬಾವಿಯ ಪಕ್ಕದ ನಲ್ಲಿ. ಮಿರಾಮಾರ್‌ನಲ್ಲಿ ಮಾಂಡೋವಿ ನದಿ ಬಂದು ಸಮುದ್ರ ಸೇರುತ್ತದೆ, ನೀರು ತಿಳಿಯಾಗಿರುವುದಿಲ್ಲ. ಈಜುಕೊಳದಲ್ಲಿ ತಳದ ಗೆರೆ ನೋಡಿಕೊಂಡು ಈಜಿ ಅಭ್ಯಾಸವಾದವರಿಗೆ ಇಲ್ಲಿ ಸ್ವಂತ ಕೈಯೇ ಕಾಣುವುದಿಲ್ಲ. ಶನಿವಾರ ಬೆಳಿಗ್ಗೆ ಹದಿನೈದು ನಿಮಿಷ ಇಳಿದು ನೋಡಿದೆ, ಬೋಯಾ (ದಾರಿ ತೋರಿಸಲು ನೀರ ಮೇಲೆ ತೇಲಿಬಿಟ್ಟ ಗುರುತು) ಹುಡುಕಲು ತಲೆ ಎತ್ತಿದಾಗಲೆಲ್ಲ ಬಾಯಿಗೆ ಉಪ್ಪುನೀರು. ಕತ್ತಿನ ಹಿಂದೆ ಚರ್ಮ ಕಿತ್ತು ಉರಿಯತೊಡಗಿತು, ವ್ಯಾಸಲೀನ್ ಹಚ್ಚಿರಲಿಲ್ಲ, ನನ್ನದೇ ತಪ್ಪು. ಮರಳು ಮೈಗೆ ಅಂಟಿಸಿಕೊಂಡು ಬಂದವನಿಗೆ ಆಂಟಿ ಒಳಗೆ ಬಿಡದೆ ಹಿತ್ತಲು ತೋರಿಸಿದರು. ಬಾವಿ ನೀರು ತಣ್ಣಗೆ ಬಿದ್ದಾಗ ಬಂದ ಸುಖಕ್ಕೆ ಬೇಕಾದರೆ ಅರ್ಧ ಸ್ಟಾರ್ ಜಾಸ್ತಿ ಕೊಡಬಹುದು.

ಈಗ ಬೈಗುಳದ ಭಾಗ.

ಕೋಣೆಯಲ್ಲಿ ಫ್ರಿಜ್ ಇದೆ ಅಂತ ಹಾಕಿದ್ದಾರೆ. ಇಲ್ಲ. ಅಡುಗೆಮನೆಯಲ್ಲಿ ಆಂಟಿಯ ಫ್ರಿಜ್ ಇದೆ, ಇಟ್ಟುಕೊಳ್ಳಿ ಅಂದರು. ಎಲೆಕ್ಟ್ರೋಲೈಟ್ ಬೆರೆಸಿದ ಎರಡು ಬಾಟಲಿ ಫ್ರೀಜರಿನಲ್ಲಿ ಇಟ್ಟೆ. ಭಾನುವಾರ ಸೈಕಲ್ ಮೇಲೆ, ಬಿಸಿಲು ಏರುತ್ತಿದ್ದ ಹೊತ್ತಲ್ಲಿ, ಗಟಗಟ ಕುಡಿಯೋಣ ಅಂತ ಬಾಟಲಿ ಬಾಯಿಗಿಟ್ಟರೆ ಬಂಗಡೆ ಮೀನಿನ ವಾಸನೆ! ಹುಟ್ಟಿದಾಗಿನಿಂದ ಮೀನು ಮುಟ್ಟಿದವನಲ್ಲ ನಾನು. ಬಿಸಾಡುವ ಹಾಗೂ ಇಲ್ಲ, ಆ ಸೆಖೆಯಲ್ಲಿ ಬೆವರು ಸುರಿದು ಜರ್ಸಿಯೆಲ್ಲ ಉಪ್ಪುಗಟ್ಟಿತ್ತು. ಮೂಗು ಮುಚ್ಚಿ ಕುಡಿದೆ. ಮುಂದಿನ ಸಲ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುತ್ತೇನೆ.

ತಿಂಡಿ ಎಂಟು ಗಂಟೆಗೆ. ಭಾಜಿ, ಪಾವು, ಚಹಾ. ಬೆಳಿಗ್ಗೆ ಪಾವು ಮಾರುವ ಪೊದೇರ್ ಸೈಕಲ್ ಮೇಲೆ ಪೋಂ ಪೋಂ ಅಂತ ಹಾರ್ನ್ ಒತ್ತಿಕೊಂಡು ಬರುತ್ತಾನೆ, ಬಿಸಿ ಪೊಯಿ ಕೊಡುತ್ತಾನೆ. ಗೋಧಿ ತವಡು ಬೆರೆತ ಹಿಟ್ಟಿನ ಬ್ರೆಡ್ಡು, ಒಳಗೆ ಟೊಳ್ಳು, ಬಹಳ ರುಚಿ. ಆದರೆ ರೇಸ್ ದಿನ ನಾನು ತಿನ್ನಬೇಕಾದದ್ದು ಮೂರೂವರೆಗೆ. ಆಂಟಿ ಕೇಳಿ ನಕ್ಕುಬಿಟ್ಟರು. ಕೋಣೆಯಲ್ಲಿ ಕೆಟಲ್ ಕೂಡ ಇಲ್ಲ. ಮನೆಯಿಂದ ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಒಯ್ದಿದ್ದೆ, ಬಿಸಿನೀರು ಒಂದು ಸಿಕ್ಕಿದ್ದರೆ ಸಾಕಿತ್ತು. ಶನಿವಾರ ರಾತ್ರಿ ಪಕ್ಕದ ಮನೆಯಲ್ಲಿ ಯಾರದೋ ಮದುವೆಯ ಪಾರ್ಟಿ, ಹನ್ನೊಂದೂವರೆಯವರೆಗೆ ಡೋಲು, ಟ್ರಂಪೆಟ್ಟು. ಅದಕ್ಕೆ ಆಂಟಿ ಏನು ಮಾಡಿಯಾರು, ಸ್ಟಾರ್ ಕತ್ತರಿಸಿಲ್ಲ. ಕಣ್ಣು ಹತ್ತಿದ್ದು ಯಾವಾಗಲೋ. ಮೂರೂಕಾಲಿಗೆ ಬಾಗಿಲು ಬಡಿದ ಸದ್ದು. ತೆಗೆದರೆ ರೋಣದ ಹುಡುಗ, ಕೈಯಲ್ಲಿ ಉಕ್ಕಿನ ಫ್ಲಾಸ್ಕ್. "ಬಿಸಿನೀರ್ರಿ. ಚಾ ಬ್ಯಾರೆ ಐತಿ, ಕುಡದ ಹೋಗ್ರಿ." ನಾನು ಅವನಿಗೆ ಹೇಳಿಯೇ ಇರಲಿಲ್ಲ. ಆಂಟಿಗೆ ಹೇಳಿದ್ದು ಕೇಳಿಸಿಕೊಂಡಿದ್ದ.

ದೊಡ್ಡ ತಕರಾರು ಚೆಕ್‌ಔಟ್ ಬಗ್ಗೆ. ಬೆಳಿಗ್ಗೆ ಹತ್ತಕ್ಕೆ ಕೋಣೆ ಖಾಲಿ ಮಾಡಬೇಕು. ಭಾನುವಾರ ಹತ್ತು ಗಂಟೆಗೆ ನಾನು ಎಲ್ಲಿರುತ್ತೇನೆ? ಸೈಕಲ್ ಮೇಲೆ! ಮುಗಿಸಿದ್ದು 7 ಗಂಟೆ 52 ನಿಮಿಷಕ್ಕೆ, ಮೆಡಲ್ ಹಾಕಿಕೊಂಡು ಸೈಕಲ್ ತಳ್ಳುತ್ತಾ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ನಾಲ್ಕು ಗಂಟೆಯವರೆಗೆ ಇರಲು ಬಿಡಿ, ಅರ್ಧ ದಿನದ ದುಡ್ಡು ಕೊಡುತ್ತೇನೆ ಅಂತ ಮೊದಲೇ ಕೇಳಿದ್ದೆ. ಆಗುವುದಿಲ್ಲ, ಪೂರ್ತಿ ರಾತ್ರಿಯ ಬಾಡಿಗೆ. ಅಲ್ಲದೆ ಬೇರೆ ದಿನ 2,400 ರೂಪಾಯಿಯ ಕೋಣೆಗೆ ರೇಸ್ ವಾರ 3,400. ವರ್ಷಕ್ಕೊಂದು ವಾರ, ಮಾಡಿಕೊಳ್ಳಲಿ ಬಿಡಿ, ಆದರೆ ಅಷ್ಟು ತೆಗೆದುಕೊಂಡ ಮೇಲೆ ಒಂದು ಕೆಟಲ್ ಇಡಬಹುದಲ್ವಾ?

ಕೊನೆಗೆ ಮೂರನೇ ರಾತ್ರಿಗೂ ದುಡ್ಡು ಕೊಟ್ಟೆ, ಕೊಟ್ಟಿದ್ದೇ ಒಳ್ಳೆಯದಾಯಿತು. ಆ ಸ್ಥಿತಿಯಲ್ಲಿ ಅನಮೋಡ ಘಟ್ಟ ಹತ್ತಿಸಲು ಕ್ಲಚ್ ಒತ್ತುವ ಕಾಲೇ ಇರಲಿಲ್ಲ. ಸಂಜೆ ಮೇಲಿನ ಕೋಣೆಯವರು ಮೆಟ್ಟಿಲಿಳಿಯುವುದನ್ನು ಕಟ್ಟೆಯ ಮೇಲೆ ಕೂತು ನೋಡಿದೆ. ಪುಣೆಯವರು, ಗಂಡ ಹೆಂಡತಿ ಇಬ್ಬರೂ ರೇಸ್ ಮಾಡಿದವರು. ಕಂಬಿ ಹಿಡಿದು ಹಿಂದುಹಿಂದಾಗಿ, ಒಂದೊಂದೇ ಮೆಟ್ಟಿಲು, ಮಕ್ಕಳು ಏಣಿ ಇಳಿದ ಹಾಗೆ ಇಳಿದರು. ಅರ್ಧಕ್ಕೆ ನಿಂತು ನಕ್ಕರು, ಮತ್ತೆ ಇಳಿದರು. ಇನ್ನೊಂದು ವಿಷಯ, ಕೆಳಗಿನ ಒಂದು ಕೋಣೆಯ ಕಮೋಡ್ ಇಂಡಿಯನ್, ಇನ್ನೊಂದರದ್ದು ವೆಸ್ಟರ್ನ್. ಅರ್ಧ ಐರನ್‌ಮ್ಯಾನ್ ಆದವರು ಇಂಡಿಯನ್ ಮೇಲೆ ಕೂತರೆ ಎಬ್ಬಿಸಲು ಜನ ಬೇಕು.

ಹಾಗಾಗಿ ಬುಕ್ ಮಾಡುವಾಗ ಕೆಳಗಿನ ಹಿಂದಿನ ಕೋಣೆ ಅಂತಲೇ ಕೇಳಿ, ಹಿತ್ತಲ ಬಾಗಿಲು ಇರುವುದು. ಹಳೇ ಬೆಡ್‌ಶೀಟ್, ಕೆಟಲ್, ಪ್ಲಾಸ್ಟಿಕ್ ಚೀಲ ಒಯ್ಯಿರಿ. ಧಾರವಾಡದ ಮೇಲೆ ಹೋಗುವವರಾದರೆ ಆ ಹುಡುಗನಿಗೆ ಅರ್ಧ ಕೆಜಿ ಪೇಡಾ. ಫ್ಯಾನಿನ ರೆಗ್ಯುಲೇಟರ್ ಮೂರಕ್ಕಿಂತ ಮೇಲೆ ತಿರುಗಿಸಬೇಡಿ, ಕೈಗೇ ಕಿತ್ತು ಬರುತ್ತದೆ. ಅದು ಮಾತ್ರ ನಾನೇ ಮಾಡಿದ್ದು, ಆಂಟಿಗೆ ಇನ್ನೂ ಗೊತ್ತಿಲ್ಲ.