ಎಂಟು ವರ್ಷ, ಮೂರು ಥರದ ಯೋಗ, ಒಂದೇ ಮ್ಯಾಟ್

2017ರಲ್ಲಿ ದಾವಣಗೆರೆಯ ಮಂಡಿಪೇಟೆಯಲ್ಲಿ 700 ರೂಪಾಯಿಗೆ ತಂದ ನೀಲಿ ಮ್ಯಾಟ್ ಇದು. ದಪ್ಪ 6 ಮಿ.ಮೀ. ಅಪ್ಪ ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮೀಜಿಯವರ ಆಶ್ರಮದಲ್ಲಿ ಆಸನ ಕಲಿತವರು. ಮ್ಯಾಟ್ ನೋಡಿ, "ಜಮಖಾನ ಇರಲಿಲ್ಲೇನೋ ಮನೇಲಿ?" ಅಂದಿದ್ದರು. ಆಗ ನಕ್ಕು ಸುಮ್ಮನಾಗಿದ್ದೆ.

ಮೊದಲು ಹಿಡಿದಿದ್ದು ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸ, ಉಸಿರಿನ ಲಯಕ್ಕೆ ಒಂದು ಆಸನದಿಂದ ಇನ್ನೊಂದಕ್ಕೆ ಜಿಗಿಯುತ್ತಾ ಸಾಗುವ ಪದ್ಧತಿ. ಸೂರ್ಯನಮಸ್ಕಾರ 'ಎ' ಐದು, 'ಬಿ' ಐದು, ಆಮೇಲೆ ಮೊದಲ ಸರಣಿ. ನಮ್ಮೂರ ಏಪ್ರಿಲ್ ಸೆಕೆ ಗೊತ್ತಲ್ಲ, ಮೂರನೇ ನಮಸ್ಕಾರಕ್ಕೇ ಅಂಗೈ ಬೆವರಿ, ಕೈಕಾಲೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಕೈ ಜಾರೋದು. ಹಳೇ ಟವೆಲ್ ಹಾಸಿದರೆ ಅದೂ ಜೊತೆಗೇ ಜಾರೋದು. ಎರಡು ವರ್ಷಕ್ಕೆ ಅಂಗೈ ಊರುವಲ್ಲಿ ಎರಡು ತಗ್ಗು ಬಿದ್ದವು. ಹಿಂದೆ ಕಾಲ್ಬೆರಳು ಹೊರಳುವಲ್ಲಿ ನೀಲಿ ಪದರ ಪುಡಿಪುಡಿಯಾಗಿ ಉದುರಿತು. ಅಷ್ಟರಲ್ಲಿ ನನ್ನ ಬಲಭುಜವೂ ಕೈಕೊಟ್ಟಿತ್ತು.

ಭುಜದ ದೆಸೆಯಿಂದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಗೆ ಬಂದೆ. ಆಸರೆಗೆ ಇಟ್ಟಿಗೆ, ಬೆಲ್ಟು, ಗೋಡೆ. ಜಿಗಿತವಿಲ್ಲ, ಆದರೆ ತ್ರಿಕೋನಾಸನದಲ್ಲಿ ಒಂದು ನಿಮಿಷ ಅಲುಗಾಡದೆ ನಿಂತರೆ ತೊಡೆ ನಡುಗುತ್ತದೆ. ಮೆತ್ತನೆ ಮ್ಯಾಟ್‌ನಲ್ಲಿ ಪಾದ ಹೂತು ಹಿಮ್ಮಡಿ ಓಲಾಡುತ್ತಿತ್ತು. ಅದನ್ನು ಸುತ್ತಿಟ್ಟು ಬರೀ ನೆಲದ ಮೇಲೆ ನಿಂತೆ. ಸರ್ವಾಂಗಾಸನಕ್ಕೆ ಭುಜದಡಿ ಇಡಲು ಬೇಕಾಗಿದ್ದು ಅಪ್ಪನ ಜಮಖಾನವೇ, ನಾಲ್ಕು ಮಡಿಕೆ ಮಾಡಿ. ಈ ಮ್ಯಾಟ್ ಮಡಚಿದರೆ ಪುಟಿದು ಬಿಚ್ಚಿಕೊಳ್ಳುತ್ತದೆ.

ಜೋಯಿಸರಿಗೂ ಅಯ್ಯಂಗಾರರಿಗೂ ಮೈಸೂರಿನಲ್ಲಿ ಕಲಿಸಿದ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ದಾವಣಗೆರೆಯೂ 1997ರವರೆಗೆ ಅದೇ ಜಿಲ್ಲೆ ತಾನೆ! ಒಬ್ಬರೇ ಗುರು, ಒಬ್ಬ ಶಿಷ್ಯರ ದಾರಿ ನನ್ನನ್ನು ಜಿಗಿಸಿತು, ಇನ್ನೊಬ್ಬರದು ನಿಲ್ಲಿಸಿತು.

ಈಗೆರಡು ವರ್ಷದಿಂದ ಮೂರನೇ ಥರ, ನಿಧಾನದ್ದು: ಮೊಣಕಾಲೂರಿ ಬೆನ್ನು ಬಾಗಿಸುವ ಮಾರ್ಜಾಲಾಸನ, ಲೋಡಿಗೆ ಒರಗಿ ಪಾದ ಜೋಡಿಸಿ ಮಲಗುವ ಸುಪ್ತ ಬದ್ಧಕೋನಾಸನ, ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವ ನಾಡಿಶುದ್ಧಿ, ಇಷ್ಟೇ. "ಏನ್ರೀ, ಮಲಗೋದೂ ಯೋಗನಾ?" ಅಂತಾಳೆ ಹೆಂಡತಿ. ಮೊಣಕಾಲಿಗೆ ಮೆತ್ತಗೆ, ಬೆವರಿಲ್ಲ, ಜಾರೋದೂ ಇಲ್ಲ. ಮ್ಯಾಟ್ ಕೊನೆಗೂ ಸರಿಹೊಂದಿತು.

ಅಷ್ಟಾಂಗ ಮಾಡೋರು ತಗೋಬೇಡಿ, ಐದಕ್ಕೆ ಎರಡು. ನಿಂತು ಮಾಡುವ ಆಸನಕ್ಕೂ ಅಷ್ಟೇ. ನನ್ನಂಥ ಮೊಣಕಾಲಿನವರಿಗೆ ನಾಲ್ಕು. ಉದುರುತ್ತಿದ್ದ ತುದಿಯನ್ನು ಹೋದ ತಿಂಗಳು ಕತ್ತರಿಯಲ್ಲಿ ಕತ್ತರಿಸಿದೆ, ಆರಡಿ ಐದಾಯಿತು. ಶವಾಸನದಲ್ಲಿ ಹಿಮ್ಮಡಿ ನೆಲಕ್ಕೆ ತಾಗುತ್ತದೆ. ಈ ಸೆಕೆಯಲ್ಲಿ ತಂಪಾಗೇ ಇದೆ.