ಬಿಲ್ಡ್ ಸರ್ವರ್‌ನ ಕ್ಯಾಶ್ ಅಳಿಸುವ ಮುಂಚೆ ಇದನ್ನು ಓದಿ

ಪುಣೆಯ ಹಿಂಜವಡಿಯಲ್ಲಿ ನಮ್ಮದು ಆರು ಜನರ ಸಣ್ಣ ಆಫೀಸು. ಹೆಚ್ಚಿನವರು ವಿಜಯಪುರ, ಬೆಳಗಾವಿ ಕಡೆಯವರೇ. ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನ ಕೆಲವು ಈರುಳ್ಳಿ ವ್ಯಾಪಾರಿಗಳಿಗೆ ಆಂಡ್ರಾಯ್ಡ್ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ಟಿದ್ದೇವೆ. ಎರಡು ವರ್ಷದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಹೋದ ತಿಂಗಳು ಒಂದು ತಪ್ಪು ಸಿಕ್ಕಿತು. ತೂಕದಲ್ಲಿ ಅರ್ಧ ಕಿಲೋ ಬಂದರೆ ಮೊತ್ತ ತಪ್ಪಾಗಿ ಬರುತ್ತಿತ್ತು. ತಿದ್ದಬೇಕಾಗಿದ್ದು ಒಂದೇ ಸಾಲು. ಅದು ವ್ಯಾಪಾರಿಗಳ ಫೋನಿಗೆ ತಲುಪಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ಅವರು ಬಿಲ್ಲನ್ನು ಕೈಯಲ್ಲಿ ಬರೆದರು.

ಆಗಿದ್ದು ಇಷ್ಟು. ಅದರ ಹಿಂದಿನ ವಾರ ಬಿಲ್ಡ್ ಸರ್ವರ್‌ನ, ಅಂದರೆ ಕೋಡಿನಿಂದ ಆ್ಯಪ್ ಕಟ್ಟುವ ಕಂಪ್ಯೂಟರಿನ, ಡಿಸ್ಕ್ ತುಂಬಿತ್ತು. ಜಾಗ ಬೇಕೆಂದು ನಾನೇ ಗ್ರೇಡಲ್ ಕ್ಯಾಶ್ ಅಳಿಸಿದೆ. ಗ್ರೇಡಲ್ ಅಂದರೆ ಆ್ಯಪ್ ಕಟ್ಟುವ ಸಾಧನ, ಅದು ಇಳಿಸಿದ್ದನ್ನು ಇಟ್ಟುಕೊಳ್ಳುವ ಜಾಗವೇ ಕ್ಯಾಶ್. ಬೇಕಾದದ್ದೆಲ್ಲ ಮತ್ತೆ ನೆಟ್‌ನಿಂದ ಇಳಿದುಕೊಳ್ಳುತ್ತೆ ಅಂದುಕೊಂಡೆ. ಎಲ್ಲ ಇಳಿಯಿತು, ಒಂದನ್ನು ಬಿಟ್ಟು. ರಸೀದಿ ಪ್ರಿಂಟರ್‌ಗೆ ಬ್ಲೂಟೂತ್‌ನಲ್ಲಿ ಮಾತಾಡುವ ಸಣ್ಣ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್) ಅದು. ಅದಿಲ್ಲದೆ ಬಿಲ್ಡ್ ಆಗುತ್ತಿರಲಿಲ್ಲ. ಬರೆದವರು ಅದನ್ನು ರೆಪಾಸಿಟರಿಯಿಂದ (ಲೈಬ್ರರಿಗಳನ್ನು ಇಟ್ಟು ಹಂಚುವ ನೆಟ್ ಭಂಡಾರ) ತೆಗೆದುಬಿಟ್ಟಿದ್ದರು, ಮೂಲ ಕೋಡ್ ಸಮೇತ. ಅವರ ವಸ್ತು, ತೆಗೆಯುವ ಹಕ್ಕು ಅವರಿಗಿದೆ. ನಮ್ಮ ಹತ್ತಿರ ಪ್ರತಿ ಇಟ್ಟುಕೊಳ್ಳದಿದ್ದದ್ದು ನಮ್ಮ ತಪ್ಪು.

ಎರಡನೇ ದಿನ ನಮ್ಮ ಹುಡುಗನೊಬ್ಬ ಅದೇ ಹೆಸರು, ಅದೇ ವರ್ಶನ್‌ನ ಫೈಲನ್ನು ಗುರುತಿಲ್ಲದ ಒಂದು ಸೈಟಿನಿಂದ ಇಳಿಸಿದ. ಬಿಲ್ಡ್ ಹಸಿರಾಯಿತು, ಅಂದರೆ ಪಾಸಾಯಿತು. ನಾನು ಬೇಡ ಅಂದೆ. ಹಣದ ಲೆಕ್ಕ ಇಡುವ ಆ್ಯಪ್ ಅದು. ಒಳಗೆ ಯಾರು ಏನು ಸೇರಿಸಿದ್ದಾರೋ ಹೇಗೆ ಗೊತ್ತಾಗಬೇಕು? ದಯವಿಟ್ಟು ಎಷ್ಟೇ ಅವಸರ ಇದ್ದರೂ ಈ ದಾರಿ ಹಿಡಿಯಬೇಡಿ.

ಕೊನೆಗೆ ಕೆಲಸ ಬಿಟ್ಟು ವಿಜಯಪುರಕ್ಕೆ ಹೋದ ಹಳೆಯ ಗೆಳೆಯನಿಗೆ ಫೋನ್ ಮಾಡಿದೆ. "ಆ ಲ್ಯಾಪ್‌ಟಾಪ್ ಇನ್ನೂ ಐತ್ರಿ ಸರ, ಮಗಳು ಚಿತ್ರ ಬರೀತಾಳ ಅದ್ರಾಗ" ಅಂದ. ಫಾರ್ಮ್ಯಾಟ್ ಮಾಡಿರಲಿಲ್ಲ. ಅವನ ಡಾಟ್ ಗ್ರೇಡಲ್ ಫೋಲ್ಡರಿನ ಆಳದಲ್ಲಿ, ಅಕ್ಷರ ಅಂಕಿ ಬೆರೆತ ಉದ್ದ ಹೆಸರಿನ ಫೋಲ್ಡರೊಳಗೆ ಆ ಫೈಲು ಇತ್ತು. ಕೋಥ್ರೂಡ್‌ನಲ್ಲಿರುವ ಇನ್ನೊಬ್ಬರ ಹಳೆ ಕಂಪ್ಯೂಟರ್‌ನಲ್ಲೂ ಒಂದು ಪ್ರತಿ ಸಿಕ್ಕಿತು. ಎರಡರ ಶಾ-256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಗುರುತು) ಹೋಲಿಸಿದೆವು. ಒಂದೇ ಬಂತು. ಆಮೇಲೇ ಬಿಲ್ಡ್ ಮಾಡಿದೆವು.

ಇದು ನಮಗೊಬ್ಬರಿಗೇ ಆದದ್ದಲ್ಲ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರವಾದ ಎನ್‌ಪಿಎಂನಿಂದ ಲೆಫ್ಟ್-ಪ್ಯಾಡ್ ಅನ್ನುವ ಪ್ಯಾಕೇಜನ್ನು ಅದರ ಲೇಖಕರು ಹಿಂತೆಗೆದರು. ಇದ್ದದ್ದು 11 ಸಾಲಿನ ಕೋಡ್. ಬೇಬೆಲ್‌ನಂಥ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್ ಕೂಡ ಮುರಿಯಿತು. ಆಮೇಲೆ ಎನ್‌ಪಿಎಂ ತೆಗೆಯುವ ನಿಯಮ ಬಿಗಿ ಮಾಡಿತು. ಜಾವಾ ಲೈಬ್ರರಿಗಳ ಭಂಡಾರವಾದ ಮೇವನ್ ಸೆಂಟ್ರಲ್‌ನಲ್ಲಿ ಒಮ್ಮೆ ಬಿಡುಗಡೆಯಾದದ್ದನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಆದರೆ ಅಲ್ಲೂ 2020ರ ಜನವರಿ 15ರಿಂದ ಎಚ್‌ಟಿಟಿಪಿಎಸ್ ಅಲ್ಲದ, ಬರೀ ಎಚ್‌ಟಿಟಿಪಿ ವಿಳಾಸ ಕೆಲಸ ಮಾಡಲಿಲ್ಲ. ಹಳೆಯ ವಿಳಾಸ ಬಿಟ್ಟಿರದ ಬಿಲ್ಡ್‌ಗಳಿಗೆ 501 ಎರರ್ ಬಂತು. ಹಾಗಾಗಿ ನೀವು ಬಳಸುವ ರೆಪಾಸಿಟರಿಯ ನಿಯಮ ಏನು ಅಂತ ಮೊದಲು ನೋಡಿ. ಎಲ್ಲ ಒಂದೇ ಥರ ಇರೋದಿಲ್ಲ.

ನಾವು ಈಗ ಆಫೀಸಿನಲ್ಲೇ ನೆಕ್ಸಸ್ ಹಾಕಿದ್ದೇವೆ. ಹೊರಗಿನ ಲೈಬ್ರರಿ ತಂದು ಪ್ರತಿ ಇಟ್ಟುಕೊಳ್ಳುವ ನಡುವಿನ ಸರ್ವರ್, ಅಂದರೆ ಪ್ರಾಕ್ಸಿ, ಅದು. ಎಲ್ಲ ಬಿಲ್ಡ್ ಅದರ ಮೂಲಕವೇ ಹೊರಗೆ ಹೋಗುತ್ತದೆ. ಇಲ್ಲಿ ಒಂದು ಮಾತು: ಪ್ರಾಕ್ಸಿ ಹಾಕಿದರೆ ಸಾಕು ಅಂತ ಸುಮ್ಮನಾಗಬೇಡಿ. ಯಾರಾದರೂ ಒಮ್ಮೆ ಕೇಳಿದ್ದನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ. ಕ್ಲೀನಪ್ ಪಾಲಿಸಿ ಹಾಕಿದ್ದರೆ ಹಳೆಯದನ್ನು ಅಳಿಸಿಯೂ ಬಿಡುತ್ತದೆ. ಗಿರಾಕಿಗಳ ಕೈಗೆ ಹೋದ ಪ್ರತಿ ವರ್ಶನ್‌ಗೆ ಬೇಕಾದ ಫೈಲುಗಳನ್ನು ನಾವು ಬೇರೆ ಕಡೆ ಬ್ಯಾಕಪ್ ಇಡುತ್ತೇವೆ, ಚೆಕ್‌ಸಮ್ ಜೊತೆ. ಗ್ರೇಡಲ್‌ನಲ್ಲಿ ಚೆಕ್‌ಸಮ್ ಪರೀಕ್ಷೆ 6.2ರಿಂದಲೇ ಇದೆ, ನಾವೇ ಹಾಕಿರಲಿಲ್ಲ.

ತಿಂಗಳಿಗೊಮ್ಮೆ ಒಂದು ಖಾಲಿ ಮಷೀನ್ ತೆಗೆದುಕೊಂಡು, ಹೊರಗಿನ ನೆಟ್ ಕತ್ತರಿಸಿ, ಹಳೆಯ ಪ್ರಾಜೆಕ್ಟ್ ಒಂದನ್ನು ಬಿಲ್ಡ್ ಮಾಡುತ್ತೇವೆ. ಮೊದಲ ಸಲವೇ ಇನ್ನೂ ಎರಡು ಲೈಬ್ರರಿ ನಮ್ಮ ಹತ್ತಿರ ಇಲ್ಲ ಅಂತ ಗೊತ್ತಾಯಿತು. ಪುಣ್ಯಕ್ಕೆ ಅವು ಹೊರಗೆ ಇನ್ನೂ ಇದ್ದವು. ಅವತ್ತೇ ಇಳಿಸಿಟ್ಟುಕೊಂಡೆವು.